ತಂತಿ ಕಟ್ಟಿದ ವಠಾರ

"ನಿಮ್ಮ ಕಡೆ ತಂತಿ ಇದೆಯಲ್ಲ, ಅದು ನಿಮ್ಮ ಬೀದಿಯವರೆಗೂ ಬರುತ್ತಾ?"

ಆಫೀಸಿನ ಗೆಳೆಯ ಹೀಗೆ ಕೇಳಿದಾಗ ನಾನು ಮೊಸರನ್ನದ ಡಬ್ಬಿಯ ಮುಚ್ಚಳದ ಜೊತೆ ಗುದ್ದಾಡುತ್ತಿದ್ದೆ. ಇಂಟರ್ನೆಟ್ ತಂತಿ ಇರಬೇಕು ಅಂದುಕೊಂಡು, "ಬರುತ್ತೆ, ಸ್ಪೀಡೂ ಚೆನ್ನಾಗಿದೆ" ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಅವನು ಯಹೂದಿ. ಆರ್ಥೊಡಾಕ್ಸ್ ಪಂಗಡ. ಅಂದರೆ ಶುಕ್ರವಾರ ಸೂರ್ಯ ಮುಳುಗುವುದರೊಳಗೆ ಮನೆ ಸೇರಲೇಬೇಕಾದವನು. ಬ್ರೂಕ್ಲಿನ್‌ನಲ್ಲಿ ಮೂರನೇ ಮಹಡಿಯ ಫ್ಲ್ಯಾಟು, ಲಿಫ್ಟ್ ಇಲ್ಲ, ಮೂರು ವರ್ಷದ ಮಗ, ಒಂಬತ್ತು ತಿಂಗಳ ಮಗಳು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಮಡಿಸಿದ ಸ್ಟ್ರೋಲರ್ ಹಿಡಿದು ಮೆಟ್ಟಿಲು ಹತ್ತಿ ಹತ್ತಿ ಗಂಡ ಹೆಂಡತಿ ಇಬ್ಬರಿಗೂ ಸಾಕಾಗಿತ್ತು. ನ್ಯೂಜೆರ್ಸಿಯ ಕಡೆ ಮನೆ ಹುಡುಕೋಣ ಅಂತ ತೀರ್ಮಾನಿಸಿದ್ದರು. ನಾನಿರುವುದು ಎಡಿಸನ್‌ನಲ್ಲಿ, ಪಕ್ಕದ ಹೈಲ್ಯಾಂಡ್ ಪಾರ್ಕ್‌ಗೆ ಅಂಟಿಕೊಂಡ ಮೂಲೆಯಲ್ಲಿ. ಎಡಿಸನ್ ಅಂದರೆ ನಮ್ಮವರಿಗೆಲ್ಲ ಓಕ್ ಟ್ರೀ ರೋಡು, ಕರಿಬೇವು, ಸೀರೆ ಅಂಗಡಿ. ಅವನಿಗೆ ಈ ಎರಡು ಊರು ಅಂದರೆ ತಂತಿ.

ತಂತಿಯ ಹೆಸರು ಎರೂವ್. ವಿಷಯ ಹೀಗೆ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ಅವರಿಗೆ ಶಬ್ಬಾತ್. ಆಗ 39 ಬಗೆಯ ಕೆಲಸ ಮಾಡುವ ಹಾಗಿಲ್ಲ. ಅದರಲ್ಲೊಂದು, ಮನೆಯಿಂದ ಬೀದಿಗೆ ಏನನ್ನಾದರೂ ಹೊತ್ತೊಯ್ಯುವುದು. ಮನೆ ಬೀಗದ ಕೈಯನ್ನೂ ಜೇಬಿನಲ್ಲಿ ಇಟ್ಟುಕೊಂಡು ಹೋಗುವಂತಿಲ್ಲ. ಕಂಕುಳ ಕೂಸನ್ನು ಎತ್ತಿಕೊಳ್ಳುವಂತಿಲ್ಲ, ಸ್ಟ್ರೋಲರ್ ತಳ್ಳುವಂತಿಲ್ಲ. ಕಾರಂತೂ ಮೊದಲೇ ಇಲ್ಲ. ಅಂದಮೇಲೆ ಎಳೆ ಮಗುವಿನ ತಾಯಿ ವಾರಕ್ಕೊಂದು ದಿನ, ಅದೂ ಎಲ್ಲರೂ ಸೇರುವ ದಿನ, ಮನೆಯಲ್ಲೇ ಕೂರಬೇಕು.

ಆದರೆ ಮನೆಯೊಳಗೆ ಎಷ್ಟು ಬೇಕಾದರೂ ಹೊರಬಹುದು. ಹಾಗಾದರೆ ಊರನ್ನೇ ಒಂದು ಮನೆ ಮಾಡಿಬಿಟ್ಟರೆ? ಇದನ್ನು ಅವರ ಪಂಡಿತರು ಯಾವತ್ತೋ ಯೋಚಿಸಿದ್ದಾರೆ. ಅವರ ಹಳೇ ಧರ್ಮಶಾಸ್ತ್ರ ಗ್ರಂಥ ತಾಲ್ಮುಡ್‌ನಲ್ಲಿ ಇದಕ್ಕೆಂದೇ ಒಂದು ಭಾಗವಿದೆ. ಎರೂವ್ ಅಂದರೆ ಬೆರೆಸುವುದು. ಹಲವು ಮನೆಗಳ ಅಂಗಳವನ್ನು ಬೆರೆಸಿ ಒಂದು ಮಾಡುವುದು. ಎರಡು ಕಂಬ ಮತ್ತು ಮೇಲೊಂದು ತಂತಿ ಇದ್ದರೆ ಅದು ಬಾಗಿಲ ಚೌಕಟ್ಟು. ಊರ ಸುತ್ತ ಇಂಥ ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿದರೆ ಅದೇ ಗೋಡೆ. ಹೊಸ ಕಂಬ ನೆಡುವುದೂ ಕಡಿಮೆ. ಕರೆಂಟು ಕಂಬಕ್ಕೇ ಒಂದು ಪ್ಲಾಸ್ಟಿಕ್ ಪಟ್ಟಿ ಹೊಡೆದರೆ ಆಯಿತು. ಒಳಗಿನ ಜಾಗವನ್ನು ಊರಾಡಳಿತದಿಂದ ಲೆಕ್ಕಕ್ಕೊಂದು ಡಾಲರ್ ಕೊಟ್ಟು ಬಾಡಿಗೆಗೆ ಪಡೆಯುವುದುಂಟು. ಒಂದು ಡಬ್ಬಿ ಮಾತ್ಸಾ, ನಮ್ಮ ಖಾಕ್ರಾದಂಥ ಒಣ ರೊಟ್ಟಿ, ಎಲ್ಲರ ಪರವಾಗಿ ಅವರ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ಇಟ್ಟಿರುತ್ತಾರೆ. ಒಂದೇ ರೊಟ್ಟಿಯ ಪಾಲುದಾರರು, ಆದ್ದರಿಂದ ಒಂದೇ ಮನೆಯವರು.

"ಓ, ವಠಾರ!" ಅಂದೆ. ವಠಾರ ಅಂದರೆ ಏನು ಅಂತ ಅವನು ಕೇಳಿದ. ಚಾಮರಾಜಪೇಟೆಯಲ್ಲಿ ನಾನು ಹುಟ್ಟಿದ ಎಂಟು ಮನೆ, ಒಂದು ನಲ್ಲಿ, ಒಂದು ಅಂಗಳದ ಕಥೆ ಹೇಳಿದೆ. ಗಮನವಿಟ್ಟು ಕೇಳಿದ. "ನಲ್ಲಿ ಒಂದು ಬಿಟ್ಟರೆ ಇದೇ" ಅಂದ.

ಆ ಸಂಜೆ ನಕ್ಷೆ ತೆಗೆದು ನೋಡಿದೆ. ನಮ್ಮ ಮನೆ ತಂತಿಯ ಒಳಗೇ ಇತ್ತು. ಎಂಟು ವರ್ಷದಿಂದ ವಠಾರದಲ್ಲಿದ್ದೇನೆ, ನನಗೇ ಗೊತ್ತಿರಲಿಲ್ಲ! ವಾಷಿಂಗ್ಟನ್‌ನ ಎರೂವ್ ಒಳಗೆ ವೈಟ್ ಹೌಸ್ ಕೂಡ ಬರುತ್ತದೆ ಅಂತ ಮಾರನೇ ದಿನ ಅವನೇ ಹೇಳಿದ. ಅಧ್ಯಕ್ಷರಿಗೇ ಇಲ್ಲದ ಸಂಕೋಚ ನನಗ್ಯಾಕೆ.

ತಂತಿಯೊಂದಿದ್ದರೆ ಸಾಲದು ಅನ್ನುವುದು ಆಮೇಲೆ ತಿಳಿಯಿತು. ಸಿನಗಾಗ್ (ಅವರ ಮಾತಿನಲ್ಲಿ ಶುಲ್) ನಡೆದು ಹೋಗುವಷ್ಟು ಹತ್ತಿರ ಇರಬೇಕು. ಹತ್ತು ಗಂಡಸರು ಸೇರದೆ ಅಲ್ಲಿ ಪೂರ್ತಿ ಪ್ರಾರ್ಥನೆ ನಡೆಯುವುದಿಲ್ಲ, ಅಷ್ಟು ಜನ ದಿನಾ ಸಿಗುವ ಊರಾಗಬೇಕು. ಹೆಂಗಸರಿಗೆ ಮಿಕ್ವೆ ಎಂಬ ಸ್ನಾನದ ಕೊಳ ಬೇಕು. ಮಾಂಸ, ಹಾಲು ಎಲ್ಲ ಕೋಶರ್, ಅಂದರೆ ಅವರ ಶಾಸ್ತ್ರಕ್ಕೆ ಒಪ್ಪುವಂಥದ್ದು, ಸಿಗುವ ಅಂಗಡಿ ಬೇಕು. ಮಕ್ಕಳಿಗೆ ಯಹೂದಿ ಶಾಲೆ ಬೇಕು, ಅದರ ಫೀಸು ಮಗುವಿಗೆ ವರ್ಷಕ್ಕೆ 20,000 ಡಾಲರ್ ದಾಟುವುದು ಮಾಮೂಲಿ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಅದಕ್ಕೂ 18 ನಿಮಿಷ ಮೊದಲೇ ಮನೆಯಲ್ಲಿ ದೀಪ ಹಚ್ಚಿರಬೇಕು. ಮ್ಯಾನ್‌ಹಟನ್‌ನಿಂದ ರೈಲಿನಲ್ಲಿ ಒಂದು ಗಂಟೆ ದಾರಿ. ಶುಕ್ರವಾರ ಎರಡು ಗಂಟೆಗೇ ಬ್ಯಾಗ್ ಹೆಗಲಿಗೇರಿಸಿ ಹೊರಡುವವನನ್ನು ನೋಡಿ ನಾವು ಸುಮ್ನೆ ತಮಾಷೆ ಮಾಡುತ್ತಿದ್ದೆವು. ಈಗ ಯಾರೂ ಮಾಡುವುದಿಲ್ಲ.

ಊರು ಹುಡುಕುವ ಕ್ರಮವೂ ನಮ್ಮ ಹೆಣ್ಣು ಹುಡುಕುವ ಕ್ರಮದ ಹಾಗೇ ಇದೆ. ಆರ್ಥೊಡಾಕ್ಸ್ ಯೂನಿಯನ್ ಎಂಬ ಸಂಸ್ಥೆ ಇದಕ್ಕಾಗಿ ನ್ಯೂಯಾರ್ಕಿನಲ್ಲಿ ಮೇಳ ನಡೆಸಿದ್ದುಂಟು. ದೂರದೂರದ ಊರಿನವರು ಒಂದೊಂದು ಮೇಜು ಹಾಕಿಕೊಂಡು ಕೂತು, ನಮ್ಮಲ್ಲಿ ಮನೆ ಅಗ್ಗ, ನಮ್ಮಲ್ಲಿ ಶಾಲೆ ಚೆನ್ನಾಗಿದೆ, ಬನ್ನಿ ಬನ್ನಿ ಅಂತ ಕರೆಯುತ್ತಾರಂತೆ. ಥೇಟ್ ವಧು-ವರರ ಸಮಾವೇಶ, ಊರುಗಳೇ ವರಗಳು. ಆಮೇಲೆ ಬರುವುದು ನೋಡುವ ಶಾಸ್ತ್ರ. ಮೆಚ್ಚಿದ ಊರಿಗೆ ಮಕ್ಕಳ ಸಮೇತ ಹೋಗಿ, ಗುರುತೇ ಇಲ್ಲದವರ ಮನೆಯಲ್ಲಿ ಒಂದು ಶಬ್ಬಾತ್ ಉಳಿಯುವುದು.

ಇವರು ಹೀಗೆ ಪಸ್ಸೇಕ್ ನೋಡಿದರು, ಟೀನೆಕ್ ನೋಡಿದರು, ವೆಸ್ಟ್ ಆರೆಂಜ್ ನೋಡಿದರು. ಹೈಲ್ಯಾಂಡ್ ಪಾರ್ಕ್‌ನಲ್ಲಿ ಉಳಿದ ಮನೆಯವರು ಶುಕ್ರವಾರದಿಂದಲೇ ಸಣ್ಣ ಉರಿಯಲ್ಲಿಟ್ಟ ಚೋಲೆಂಟ್ ಬಡಿಸಿದರಂತೆ. ಕಾಳು, ಆಲೂಗಡ್ಡೆ, ಮಾಂಸ ಬೆಂದು ಬೆಂದು ಒಂದಾದ ಹುಳಿ ಅನ್ನಿ. ಊಟಕ್ಕೆ ಅಕ್ಕಪಕ್ಕದ ಇನ್ನೂ ಎರಡು ಸಂಸಾರ. ಆದರೆ ಅವನ ಹೆಂಡತಿ ತೀರ್ಮಾನ ತಗೊಂಡಿದ್ದು ಊಟದ ಮೇಜಿನಲ್ಲಲ್ಲ. ಶುಲ್ ಹೊರಗೆ ಸಾಲಾಗಿ ನಿಂತ ಸ್ಟ್ರೋಲರ್‌ಗಳನ್ನು ಎಣಿಸಿದಳಂತೆ. 23! ಹೊಸಿಲಾಚೆಯ ಚಪ್ಪಲಿ ಎಣಿಸಿ ಒಳಗೆಷ್ಟು ನೆಂಟರು ಅಂತ ಲೆಕ್ಕ ಹಾಕುತ್ತಿದ್ದ ನಮ್ಮಮ್ಮನ ಜಾಣತನವೇ ಇದು.

ಎಲ್ಲ ಯಹೂದಿಗಳಿಗೂ ಇಷ್ಟೊಂದು ಕಟ್ಟುಪಾಡು ಇಲ್ಲ. ರಿಫಾರ್ಮ್ ಪಂಗಡದವರು ಕಾರಿನಲ್ಲೇ ಬರುತ್ತಾರೆ, ಅವರಿಗೆ ಒಳ್ಳೆ ಶಿಶುವಿಹಾರ, ಭಾನುವಾರದ ಹೀಬ್ರೂ ಪಾಠ ಇದ್ದರೆ ಆಯಿತು. ಕನ್ಸರ್ವೇಟಿವ್ ಪಂಗಡದ ಪಂಡಿತರು 1950ರಲ್ಲಿ, ಶುಲ್‌ಗೆ ಹೋಗಲು ಮಾತ್ರ ಶಬ್ಬಾತ್ ದಿನ ಕಾರು ಓಡಿಸಬಹುದು ಅಂತ ಒಪ್ಪಿದರು. ಯುದ್ಧ ಮುಗಿದು ಜನ ನಗರ ಬಿಟ್ಟು ಸಬರ್ಬುಗಳಿಗೆ ಹೊರಟ ಕಾಲ ಅದು. ನಡೆದು ಬನ್ನಿ ಅಂದರೆ ಯಾರೂ ಬರಲಾರರು ಅನ್ನುವ ಭಯ. ನನ್ನ ಗೆಳೆಯ ಇದನ್ನು ಹೇಳುವಾಗ ಮೂಗು ಮುರಿಯುತ್ತಾನೆ. ಕಾರು ಬಂದಮೇಲೆ ಶುಲ್‌ನ ಹತ್ತಿರ ಮನೆ ಮಾಡಬೇಕು ಅನ್ನುವ ಅಗತ್ಯವೇ ಹೋಯಿತು ಅನ್ನುವುದು ಅವನ ವಾದ. ಅವರಲ್ಲೇ ಒಂದು ಹಳೇ ಜೋಕಿದೆ. ನಡುಗಡ್ಡೆಯಲ್ಲಿ ಸಿಕ್ಕಿಕೊಂಡ ಒಬ್ಬನೇ ಯಹೂದಿ ಎರಡು ಸಿನಗಾಗ್ ಕಟ್ಟಿದನಂತೆ. ಎರಡನೆಯದು ಯಾಕೆ ಅಂದರೆ, "ಅದಕ್ಕೆ ನಾನು ಕಾಲಿಡಲ್ಲ" ಅಂದನಂತೆ. ಕನ್ನಡ ಸಂಘಗಳನ್ನು ಬಲ್ಲ ನನಗೆ ಈ ಜೋಕನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಮನೆ ನೋಡಲು ಹೋದ ದಿನ ನಾನೂ ಜೊತೆಗಿದ್ದೆ. ಏಜೆಂಟ್ ಹೆಂಗಸು ಉತ್ಸಾಹದಿಂದ ಹಿತ್ತಲ ಬಾಗಿಲು ತೆಗೆದಳು. ಭಾರೀ ಮೇಪಲ್ ಮರ, ಹಿತ್ತಲು ತುಂಬ ನೆರಳು. ನಾನಾಗಿದ್ದರೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಗೆಳೆಯನ ಮುಖ ಮಾತ್ರ ಹುಳ್ಳಗಾಯಿತು. ಮರದ ಕೆಳಗಿಂದ ಹೆಜ್ಜೆ ಎಣಿಸುತ್ತ ಬೇಲಿಯ ಮೂಲೆಗೆ ಹೋದ, ತಲೆಯೆತ್ತಿ ನೋಡಿದ, ಮತ್ತೆರಡು ಹೆಜ್ಜೆ ಸರಿದ. ಅವರಿಗೆ ಸೆಪ್ಟೆಂಬರ್-ಅಕ್ಟೋಬರ್ ಸುಮಾರಿಗೆ ಸುಕ್ಕೋತ್ ಅಂತ ಹಬ್ಬ. ಹಿತ್ತಲಲ್ಲಿ ಚಪ್ಪರ ಹಾಕಿ ಏಳು ದಿನ ಅದರೊಳಗೇ ಊಟ. ಚಪ್ಪರದ ಮೇಲೆ ಕಡಿದ ಸೊಪ್ಪು, ಕಡ್ಡಿ ಹೊದಿಸಬೇಕು, ಸಂದಿಯಲ್ಲಿ ನಕ್ಷತ್ರ ಕಂಡರೆ ಒಳ್ಳೆಯದು. ಅದರ ಮೇಲೆ ಬೆಳೆದು ನಿಂತ ಮರದ ಕೊಂಬೆ ಚಾಚಿರಬಾರದು. ಕೊನೆಗೆ ಗ್ಯಾರೇಜಿನ ಪಕ್ಕ ಹತ್ತಡಿ ಆಕಾಶ ಸಿಕ್ಕಿತು. ಆಮೇಲೆ ಅಡುಗೆಮನೆ. ಹಾಲಿನ ಪಾತ್ರೆಗೊಂದು, ಮಾಂಸದ ಪಾತ್ರೆಗೊಂದು ಸಿಂಕ್ ಬೇಕು, ಎರಡನೆಯದಕ್ಕೆ ಪೈಪ್ ಎಲ್ಲಿಂದ ಎಳೆಯುವುದು ಅಂತ ಗಂಡ ಹೆಂಡತಿ ನೆಲದ ಮೇಲೆ ಮಂಡಿಯೂರಿ ಕೂತರು. ಮುಸುರೆ, ಮಡಿ ಅಂತ ಅಡುಗೆಮನೆಯನ್ನೇ ಎರಡು ದೇಶ ಮಾಡಿಕೊಂಡಿದ್ದ ನಮ್ಮಜ್ಜಿ ಇದ್ದಿದ್ದರೆ ಅವರ ಪಕ್ಕ ಕೂತು ಸಲಹೆ ಕೊಡುತ್ತಿದ್ದಳು.

ಆ ಮನೆಯನ್ನೇ ಕೊಂಡರು. ನಮ್ಮಿಂದ ಎರಡು ಬೀದಿ ಆಚೆ.

ನಮ್ಮ ಮನೆ ಸಸ್ಯಾಹಾರ ಆದರೂ ನಮ್ಮ ಪಾತ್ರೆಯ ಅಡುಗೆ ಅವರಿಗೆ ಆಗುವುದಿಲ್ಲ. ಮ್ಯಾನ್‌ಹಟನ್‌ನ ಲೆಕ್ಸಿಂಗ್ಟನ್ ಅವೆನ್ಯೂನಲ್ಲಿ ಕೋಶರ್ ಸರ್ಟಿಫಿಕೇಟ್ ಇರುವ ದೋಸೆ ಹೋಟೆಲುಗಳಿವೆ, ಅಲ್ಲಿ ಮಸಾಲೆ ದೋಸೆಯನ್ನು ಚಪ್ಪರಿಸಿ ತಿನ್ನುತ್ತಾನೆ. ನನ್ನ ಹೆಂಡತಿ ಮಾಡಿದ್ದನ್ನು ಮುಟ್ಟುವ ಹಾಗಿಲ್ಲ. ಮೊದಮೊದಲು ಅವಳಿಗೆ ಸ್ವಲ್ಪ ಬೇಜಾರಾಯಿತು. ಕತ್ತರಿಸದ ಹಣ್ಣು ನಡೆಯುತ್ತೆ ಅಂತ ಗೊತ್ತಾದಮೇಲೆ ಸರಿಹೋದಳು. ರೈಲಿನಲ್ಲಿ ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟದ ಅಜ್ಜಿ ಅವಳಿಗೂ ಇದ್ದಳಲ್ಲ. ಅವರ ಮನೆಗೆ ಹೋಗುವಾಗೆಲ್ಲ ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಇದ್ದೇ ಇರುತ್ತದೆ. ಮಕ್ಕಳಿರುವ ಮನೆಗೆ ಬರಿಗೈಯಲ್ಲಿ ಹೋಗಬಾರದು ಅನ್ನುವುದು ಅವಳ ಪಾಲಿನ ಶಾಸ್ತ್ರ.

ಜುಲೈ ತಿಂಗಳ ಒಂದು ಶನಿವಾರ ಮಧ್ಯಾಹ್ನ ಗೆಳೆಯ ನಮ್ಮ ಬಾಗಿಲು ಬಡಿದ. ಬೆಲ್ ಒತ್ತುವುದಿಲ್ಲ, ಕರೆಂಟು ನೋಡಿ.

"ನಮ್ಮ ಮನೆ ಒಳಗೆ ತುಂಬಾ ಸೆಕೆ. ಮಕ್ಕಳು ನಿದ್ದೆ ಮಾಡ್ತಿಲ್ಲ."

"ಹೌದು ಮಾರಾಯ, ಈ ವರ್ಷ ಸೆಕೆ ಜಾಸ್ತಿನೇ."

"ಏಸಿ ಯಾಕೋ ಆಫ್ ಆಗಿಬಿಟ್ಟಿದೆ."

"ಛೆ! ರಿಪೇರಿಯವನ ನಂಬರ್ ಕೊಡ್ಲಾ?"

ಅವನು ಕದಲಲಿಲ್ಲ. ನಾನೂ ನಿಂತೇ ಇದ್ದೆ. ಒಳಗಿಂದ ಹೆಂಡತಿ ಬಂದಳು. "ಏನ್ರೀ ಅವರನ್ನ ಬಿಸಿಲಲ್ಲಿ ನಿಲ್ಲಿಸಿಕೊಂಡು? ಹೋಗಿ ಒಂದು ಸಲ ನೋಡಿಕೊಂಡು ಬನ್ನಿ." ಹೋದೆ. ಸ್ವಿಚ್ ಒತ್ತಿದೆ. ಬಂದೆ. ಶಬ್ಬಾತ್ ದಿನ ತಾನು ಮಾಡಬಾರದ ಕೆಲಸವನ್ನು ಬೇರೆಯವರಿಗೆ ಮಾಡು ಅಂತ ಬಾಯಿಬಿಟ್ಟು ಹೇಳುವಂತಿಲ್ಲವಂತೆ. ಸೆಕೆ ಇದೆ ಅಂತ ಸುದ್ದಿ ಹೇಳಬಹುದು, ಅಷ್ಟೆ. ನನಗೆ ಹೊಳೆಯದ್ದು ಅವಳಿಗೆ ಹೇಗೆ ಹೊಳೆಯಿತು? "ನಿಮ್ಮಮ್ಮ ಕಾಫಿಪುಡಿ ಡಬ್ಬ ಎಲ್ಲಿಟ್ಟಿದ್ದೀಯಮ್ಮ ಅಂತ ಕೇಳಿದರೆ ನಾನು ಡಬ್ಬ ತೋರಿಸ್ತಿದ್ನಾ?" ಅಂದಳು.

ಒಂದು ಸಣ್ಣ ಹೊಟ್ಟೆಕಿಚ್ಚು ನನಗಿದೆ. ನಮಗೆ ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನಕ್ಕೂ ಕಾರು, ಕನ್ನಡ ಕೂಟಕ್ಕೂ ಕಾರು, ಮಗಳ ಗೆಳತಿಯ ಮನೆಗೂ ಕಾರು, ಅದೂ ಎರಡು ವಾರ ಮೊದಲೇ ಮೆಸೇಜು ಹಾಕಿ. ಅವನ ಮಗ ಶನಿವಾರ ಊಟ ಆದಮೇಲೆ ಯಾರ ಮನೆ ಹಿತ್ತಲಲ್ಲಿ ಆಡುತ್ತಿದ್ದಾನೆ ಅಂತ ಅವನಪ್ಪನಿಗೇ ಗೊತ್ತಿರುವುದಿಲ್ಲ. ವಠಾರದಲ್ಲಿ ನಮ್ಮಪ್ಪನಿಗೂ ಗೊತ್ತಿರುತ್ತಿರಲಿಲ್ಲ.

ಈ ತಂತಿ ಎಲ್ಲರಿಗೂ ಇಷ್ಟವೇನಲ್ಲ. ಇದೇ ರಾಜ್ಯದ ಟೆನಾಫ್ಲೈ ಊರಿನಲ್ಲಿ ಕಂಬದ ಪಟ್ಟಿ ಕೀಳಿಸಬೇಕು ಅಂತ ಜಗಳ ಕೋರ್ಟಿಗೆ ಹೋಗಿ, 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಎರೂವ್ ಪರ ನಿಂತಿತು. ಕಣ್ಣಿಟ್ಟು ಹುಡುಕಿದರೂ ಕಾಣದ ತಂತಿಗೆ ಅಷ್ಟು ಜಗಳ. ಹುಡುಕುವುದು ಕಷ್ಟ ಅಂತ ಅನುಭವದಿಂದಲೇ ಹೇಳುತ್ತಿದ್ದೇನೆ. ವಾರವಾರ ಯಾರಾದರೂ ಊರು ಸುತ್ತಿ ತಂತಿ ಎಲ್ಲೂ ತುಂಡಾಗಿಲ್ಲ ಅಂತ ನೋಡಬೇಕು. ಒಂದು ಗುರುವಾರ ಗೆಳೆಯನ ಸರದಿ, ನಾನೂ ಕಾರಿನಲ್ಲಿ ಕೂತೆ. ಹದಿನೈದು ಮೈಲಿ ವೇಗ, ಅವನ ಕುತ್ತಿಗೆ ಕಿಟಕಿಯಾಚೆ, ಹಿಂದಿನ ಕಾರಿನವರ ಹಾರ್ನು. ನನಗೆ ಕಂಡಿದ್ದು ಎಂಟು ಅಳಿಲು, ಒಂದು ಗಾಳಿಪಟ.

ಹೋದ ನವೆಂಬರಿನಲ್ಲಿ ಒಂದು ಶುಕ್ರವಾರ ಜೋರು ಗಾಳಿಮಳೆ. ಸೂರ್ಯ ಮುಳುಗುವ ಮೊದಲೇ ಗೆಳೆಯನ ಮೆಸೇಜು ಬಂತು: ಕೊಂಬೆ ಬಿದ್ದು ತಂತಿ ಕಡಿದಿದೆ, ಈ ವಾರ ಎರೂವ್ ಇಲ್ಲ. ಶನಿವಾರ ಬೆಳಿಗ್ಗೆ ಒಳ್ಳೆ ಬಿಸಿಲು. ಬೀದಿಯಲ್ಲಿ ಟೋಪಿಗಳು ಹೋದವು, ನಡೆಯಬಲ್ಲ ಮಕ್ಕಳು ಅಪ್ಪನ ಕೈ ಹಿಡಿದು ಹೋದವು. ಒಂದೇ ಒಂದು ಸ್ಟ್ರೋಲರ್ ಇಲ್ಲ. ಗೆಳೆಯನೂ ಮಗನ ಜೊತೆ ಹೋದ.

"ಅವಳೊಬ್ಬಳೇ ಮಗು ಹಿಡ್ಕೊಂಡು ಕೂತಿರ್ತಾಳೆ. ಹೋಗಿ ಬರ್ತೀನಿ" ಅಂತ ಹೆಂಡತಿ ಚಪ್ಪಲಿ ಮೆಟ್ಟಿದಳು. ಬುಟ್ಟಿಯಿಂದ ಬಾಳೆಹಣ್ಣಿನ ಚಿಪ್ಪು ಎತ್ತಿಕೊಂಡಳು. ಬಾಗಿಲವರೆಗೆ ಹೋದವಳು ನಿಂತಳು.

"ಇವತ್ತು ತಂತಿ ಇಲ್ವಲ್ಲ?"

"ನಿನಗೇನೇ? ಆ ನಿಯಮ ನಮಗಲ್ಲ" ಅಂದೆ.

ಒಂದು ಕ್ಷಣ ಯೋಚಿಸಿದಳು. ವಾಪಸ್ ಬಂದು ಹಣ್ಣನ್ನು ಬುಟ್ಟಿಯಲ್ಲಿಟ್ಟು, ಬರಿಗೈಯಲ್ಲಿ ಹೋದಳು.