ಹನ್ನೆರಡು ದಿನ ಯಾಕೆ ಅಂತ ಇನ್ನೊಂದ್ಸಲ ಕೇಳ್ಬೇಡಿ

ಇವತ್ತು ಬೆಳಿಗ್ಗೆ ಗಾಜನೂರಿಂದ ವಾಪಸ್ ಬರ್ತಾ ದಾರೀಲಿ ಟೀಗೆ ಅಂತ ನಿಂತಿದ್ದೆ. ಮಳೆ ಆಗಷ್ಟೇ ಹೊಳವಾಗಿತ್ತು. ನಮ್ಮೂರಿನ ನಾಲ್ಕು ಜನ ಸೈಕಲ್ ಹುಡುಗ್ರು ಅಲ್ಲೇ ಸಿಕ್ಕಿದ್ರು, ಒಳ್ಳೆ ಹುಡುಗ್ರು, ನನಗೆ ಪಂಕ್ಚರ್ ಹಾಕೋದು ಕಲಿಸಿದ್ದೇ ಅವರಲ್ಲೊಬ್ಬ. "ಅಕ್ಕ, ಅಮೆರಿಕಾ ಸೈಕಲ್ ಟೂರ್ ಪ್ಲಾನ್ ಎಲ್ಲಿಗ್ ಬಂತು" ಅಂದ್ರು. ಖುಷಿಯಾಗಿ ಬ್ಯಾಗಿಂದ ನೋಟ್‌ಬುಕ್ ತೆಗೆದು ಕೊಟ್ಟೆ. ಒಬ್ಬ ಒಟ್ಟು ಕಿಲೋಮೀಟರ್ ನೋಡ್ದ, 538. ದಿನ ಎಣಿಸ್ದ, 12. ಆಮೇಲೆ ಮುಖ ಎತ್ತಿ, "ಹನ್ನೆರಡು ದಿನ ಯಾಕಕ್ಕ? ದಿನಕ್ಕೆ ನಲವತ್ತೈದೂ ಆಗಲ್ಲ, ನಾವಾದ್ರೆ ನಾಲ್ಕು ದಿನಕ್ಕೆ ಮುಗಿಸಿ ಬರ್ತಿದ್ವಿ" ಅಂದ. ಉಳಿದೋರು ನಕ್ಕರು. ನೋಟ್‌ಬುಕ್ ವಾಪಸ್ ಬಂತು. ಬೇರೆ ಒಂದೂ ಪ್ರಶ್ನೆ ಇಲ್ಲ. ನೀರು ಎಲ್ಲಿ ಸಿಗುತ್ತೆ, ಎಲ್ಲಿ ಮಲಗ್ತೀರಿ, ದಾರಿ ಹೆಂಗಿದೆ, ಯಾವ ನದಿ, ಎಂತದ್ದೂ ಕೇಳ್ಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿ ತಿಂಡಿ ತಿಂದ್ರೂ ಸಿಟ್ಟು ಇಳೀಲಿಲ್ಲ. ಯಾಕಂದ್ರೆ ಈ ಪ್ರಶ್ನೆ ಇವತ್ತಿನದಲ್ಲ. ನಮ್ಮ ಸ್ಟಾಫ್ ರೂಮಲ್ಲಿ ಇದೇ, ಮದುವೆ ಮನೇಲಿ ಊಟಕ್ಕೆ ಕೂತಾಗ ಇದೇ, ತಮ್ಮನ ಆಫೀಸಿನ ಸ್ನೇಹಿತರೂ ಅಮೆರಿಕಾದಲ್ಲಿ ಇದನ್ನೇ ಕೇಳ್ತಾರಂತೆ. ಎಷ್ಟು ದಿನ, ದಿನಕ್ಕೆಷ್ಟು, ಅಷ್ಟೇನಾ.

ತಮ್ಮ ಅಮೆರಿಕಾದ ಪಿಟ್ಸ್‌ಬರ್ಗ್‌ನಲ್ಲಿರೋದು, ಅಲ್ಲಿಂದ ವಾಷಿಂಗ್ಟನ್ ನಗರಕ್ಕೆ ನಾವಿಬ್ರೂ ಸೈಕಲ್ಲಲ್ಲಿ ಹೋಗ್ಬೇಕು ಅಂತ ನಾನು ಎರಡು ವರ್ಷದಿಂದ ದುಡ್ಡು ಕೂಡಿಡ್ತಿರೋದು ನಿಮಗೆಲ್ಲ ಗೊತ್ತೇ ಇದೆ. ದಾರಿ ಬಗ್ಗೆ ಮಾತ್ರ ಯಾರಿಗೂ ಸರಿಯಾಗಿ ಹೇಳಿಲ್ಲ, ಈಗ ಹೇಳ್ತೀನಿ. ಪಿಟ್ಸ್‌ಬರ್ಗ್‌ನಿಂದ ಕಂಬರ್ಲೆಂಡ್ ಅನ್ನೋ ಊರಿನ ತನಕ ಗ್ರೇಟ್ ಅಲೆಘೆನಿ ಪ್ಯಾಸೇಜ್, 241 ಕಿಲೋಮೀಟರ್. ಬಹುತೇಕ ಹಳೇ ರೈಲು ಹೋಗ್ತಿದ್ದ ಜಾಗ, ಹಳಿ ತೆಗೆದು ಸುಣ್ಣದಕಲ್ಲಿನ ಪುಡಿ ಹಾಸಿದಾರೆ. ಕಂಬರ್ಲೆಂಡ್‌ನಿಂದ ವಾಷಿಂಗ್ಟನ್‌ವರೆಗೆ ಪೊಟೊಮ್ಯಾಕ್ ನದಿ ಪಕ್ಕದಲ್ಲೇ ಹಳೇ ಕಾಲುವೆಯ ಏರಿ, ಚೆಸಪೀಕ್ ಅಂಡ್ ಒಹಾಯೊ ಕಾಲುವೆ ಅಂತ, ಅದು 297. ಎರಡ್ರಲ್ಲೂ ಕಾರು ಬೈಕು ಇಲ್ಲ. ಹೆಚ್ಚಾಗಿ ನಡೆಯೋರು, ಸೈಕಲ್ಲಿನೋರು. ಈ ಎರಡೂ ಸೇರಿ ಇನ್ನೊಂದು ದೊಡ್ಡ ದಾರಿಯ ಪೂರ್ವದ ತುದಿ, ಗ್ರೇಟ್ ಅಮೆರಿಕನ್ ರೈಲ್ ಟ್ರೈಲ್ ಅಂತ 2019ರಲ್ಲಿ ಘೋಷಣೆ ಮಾಡಿದ್ದು, ವಾಷಿಂಗ್ಟನ್ ನಗರದಿಂದ ಆ ಕಡೆ ಪೆಸಿಫಿಕ್ ತೀರದ ವಾಷಿಂಗ್ಟನ್ ರಾಜ್ಯದ ತನಕ, ಸುಮಾರು 6,000 ಕಿಲೋಮೀಟರ್, ಇನ್ನೂ ಪೂರ್ತಿ ಆಗಿಲ್ಲ. ಅಲ್ಲಿ 1983ರಲ್ಲೊಂದು ಕಾನೂನು ತಂದಿದಾರೆ, ರೈಲು ನಿಂತುಹೋದ ದಾರೀನ ತುಂಡು ತುಂಡು ಮಾಡಿ ಮಾರೋ ಬದಲು ಜನ ಓಡಾಡೋಕೆ ಹಂಗೇ ಇಟ್ಕೊಳ್ಳಬಹುದು, ಮುಂದೆ ಬೇಕಾದ್ರೆ ರೈಲು ಮತ್ತೆ ಬರಬಹುದು ಅಂತ. ಇದನ್ನ ಓದಿದ ದಿನ ನಮ್ಮ ತರೀಕೆರೆ-ನರಸಿಂಹರಾಜಪುರದ ಸಣ್ಣ ಗೇಜಿನ ರೈಲು ನೆನಪಾಗಿ ಹೊಟ್ಟೆ ಉರೀತು. ಕಾಡೊಳಗೆ ಹೋಗ್ತಿದ್ದ ದಾರಿ ಅದು, ನಾವು ಉಳಿಸ್ಕೊಳ್ಳಲಿಲ್ಲ. ಅದು ಬೇರೆ ಕತೆ, ಇನ್ನೊಂದಿನ ಬರೀತೀನಿ.

ಈಗ ಹನ್ನೆರಡು ದಿನದ ವಿಷಯಕ್ಕೆ ಬರ್ತೀನಿ. "ರೈಲ್ವೆ ದಾರಿ ಅಂದ್ರೆ ಚಪ್ಪಟೆ, ಸಲೀಸು" ಅಂದ ಆ ಹುಡುಗ. ಚಪ್ಪಟೆ ನಿಜ, ಸಲೀಸು ಅಂದೋರ್ಯಾರು? ನಮ್ಮ ತೀರ್ಥಹಳ್ಳಿ ರಸ್ತೆ ನೆನಪು ಮಾಡ್ಕೊಳ್ಳಿ, ಒಂದು ಏರು ಬಂದ್ರೆ ಹಿಂದೇನೇ ಒಂದು ಇಳುಕಲು, ಇಳುಕಲಲ್ಲಿ ಕಾಲಿಗೂ ಸೊಂಟಕ್ಕೂ ಬಿಡುವು ಸಿಗುತ್ತೆ, ಸೀಟಿಂದ ಒಂಚೂರು ಎದ್ದು ನಿಲ್ತೀವಿ, ಗಾಳಿ ಕುಡೀತೀವಿ. ರೈಲಿನ ದಾರೀಲಿ ಅದಿಲ್ಲ. ಪಿಟ್ಸ್‌ಬರ್ಗ್‌ನಿಂದ ಹೆಚ್ಚುಕಮ್ಮಿ 200 ಕಿಲೋಮೀಟರ್ ಕಣ್ಣಿಗೇ ಕಾಣದಷ್ಟು ಸಣ್ಣಗೆ ಏರ್ತಾ ಏರ್ತಾ 729 ಮೀಟರ್ ಎತ್ತರದ ಜಲವಿಭಾಜಕಕ್ಕೆ, ಅಂದ್ರೆ ಮಳೆ ನೀರು ಎರಡು ಕಡೆಗೆ ಹಂಚಿ ಹರಿಯೋ ನೆತ್ತಿಗೆ ಹೋಗುತ್ತೆ, ಅಲ್ಲಿ ತನಕ ಪೆಡಲ್ ತುಳೀತಾನೇ ಇರ್ಬೇಕು, ಅದೂ ಟಾರಲ್ಲ, ಕಲ್ಲಿನ ಪುಡಿ ಮೇಲೆ, ಹಿಂದೆ ಎರಡು ಬ್ಯಾಗಲ್ಲಿ ಟೆಂಟು ಬಟ್ಟೆ ಅಡುಗೆ ಸಾಮಾನು ಹೇರ್ಕೊಂಡು. ಒಂದೇ ಭಂಗೀಲಿ ಕೂತು ಕೂತು ಅಂಗೈ ಜೋಮು ಹಿಡಿಯುತ್ತೆ, ಕೂರೋ ಜಾಗ ಹುಣ್ಣಾಗುತ್ತೆ. ಇದು ನನಗೆ ಹೆಂಗ್ ಗೊತ್ತು ಅಂದ್ರೆ ಗಾಜನೂರು ಚಾನೆಲ್ ಏರಿ ಮೇಲೆ ತುಂಬಿದ ಬ್ಯಾಗ್ ಹಾಕ್ಕೊಂಡು ಮೂರು ಗಂಟೆ ಒಂದೇ ಸಮ ತುಳಿದು ನೋಡಿದೀನಿ. ನಲವತ್ತೇಳು ವರ್ಷದ ಮೈ ನಂದು. ನಲವತ್ತೈದು ಕಿಲೋಮೀಟರ್ ಅನ್ನೋ ಲೆಕ್ಕ ಆ ಮೈ ಕೊಟ್ಟಿದ್ದು, ಗೂಗಲ್ ಕೊಟ್ಟಿದ್ದಲ್ಲ.

ಕಾಲುವೆ ಏರಿದು ಇನ್ನೊಂದು ಥರ. ಅದು ಹೇಸರಗತ್ತೆಗಳು ದೋಣಿ ಎಳ್ಕೊಂಡು ನಡೀತಿದ್ದ ದಾರಿ, 1924ರ ಪ್ರವಾಹದಲ್ಲಿ ಕಾಲುವೆ ಕೆಲಸ ನಿಂತೇಹೋಯ್ತು. ಮಳೆ ಬಂದ್ರೆ ಅಲ್ಲಿ ಕೆಸರು. ಮಲೆನಾಡೋರಿಗೆ ಕೆಸರು ಅಂದ್ರೆ ಎಂತ ಅಂತ ಬಿಡಿಸಿ ಹೇಳ್ಬೇಕಾ? ಆಷಾಢದಲ್ಲಿ ತೋಟದ ದಾರೀಲಿ ಸೈಕಲ್ ತುಳಿದು ನೋಡಿ, ಮಣ್ಣು ಬ್ರೇಕಿಗೂ ಮಡ್‌ಗಾರ್ಡಿಗೂ ಮೆತ್ತಿ ಚಕ್ರಾನೇ ತಿರುಗಲ್ಲ, ಹತ್ತು ಕಿಲೋಮೀಟರಿಗೆ ಎರಡು ಗಂಟೆ ಹೋಗುತ್ತೆ. ದಿನಕ್ಕೆ ನೂರ ಮೂವತ್ತು ಅಂತ ಬರ್ಕೊಂಡು ಹೋದೋರು ಒಂದು ಮಳೆ ಬಂದ್ರೆ ಏನ್ ಮಾಡ್ತಾರೆ? ಅವತ್ತಿನ ಬಾಕಿ ನಾಳೆಗೆ, ನಾಳೇದು ನಾಡಿದ್ದಿಗೆ, ಆಮೇಲೆ ಕತ್ತಲಲ್ಲಿ ತುಳಿಯೋದು, ಬೀಳೋದು. ಆ ಏರಿ ಉದ್ದಕ್ಕೂ ದುಡ್ಡಿಲ್ಲದೆ ಟೆಂಟ್ ಹಾಕೋ ಜಾಗಗಳಿವೆ, ಕೈಪಂಪಿದೆ, ಒಂದು ಟಾಯ್ಲೆಟ್ಟಿದೆ. ಚಳಿಗಾಲದಲ್ಲಿ ಪಂಪಿನ ಹಿಡಿ ಬಿಚ್ಚಿಡ್ತಾರೆ, ನೀರು ಸಿಗಲ್ಲ. ಆ ಕಡೆ ರೈಲಿನ ದಾರೀಲಿ ಬಿಗ್ ಸ್ಯಾವೇಜ್ ಅಂತ ಒಂದು ಕಿಲೋಮೀಟರ್ ಉದ್ದದ ಸುರಂಗ ಇದೆ, ಚಳಿಗಾಲದಲ್ಲಿ ಅದರ ಬಾಗಿಲೂ ಹಾಕ್ತಾರೆ. ಅದಕ್ಕೇ ನಾನು ಸೆಪ್ಟೆಂಬರ್ ಕೊನೆ ಇಟ್ಕೊಂಡಿರೋದು. ಪ್ಲಾನ್ ಅಂದ್ರೆ ಇದು ಮಾರಾಯ್ರೇ. ಯಾವ ತಿಂಗಳು, ಯಾವ ಪಂಪು, ಯಾವ ಊರಲ್ಲಿ ಅಂಗಡಿ ಭಾನುವಾರ ಬಾಗಿಲು ಹಾಕಿರುತ್ತೆ, ಸಸ್ಯಾಹಾರ ತಿನ್ನೋಳಿಗೆ ಎಂತ ಸಿಗುತ್ತೆ, ಅವಲಕ್ಕಿ ಎಷ್ಟು ಕಟ್ಕೊಬೇಕು. ದಿನಕ್ಕೆಷ್ಟು ಅನ್ನೋದು ಇದೆಲ್ಲ ಆದ್ಮೇಲೆ ತಾನಾಗೇ ಬರೋ ಉತ್ತರ, ನೀವದನ್ನೇ ಮೊದಲ ಪ್ರಶ್ನೆ ಮಾಡ್ತೀರಿ.

ಒಪ್ತೀನಿ, ಒಂದು ಮಾತಲ್ಲಿ ನ್ಯಾಯ ಇದೆ. ವಿಮಾನದ ಟಿಕೆಟ್ಟಿಗೇ ಲಕ್ಷದ ಮೇಲೆ ಹೋಗುತ್ತೆ, ತಮ್ಮನ ರಜ ಎರಡು ವಾರದ ಮೇಲೆ ಒಂದು ದಿನ ಸಿಗಲ್ಲ, ಎಲ್ಲ ರಜಾನೂ ದಾರೀಲೇ ಕಳೆದ್ರೆ ಹೆಂಗೆ, ಬೇಗ ಮುಗಿಸಿದ್ರೆ ಬೇರೆ ಊರೂ ನೋಡಬಹುದಲ್ಲ ಅಂತಾರೆ. ದಿನಕ್ಕೆ ನೂರೈವತ್ತು ಹೊಡೆಯೋ ತಾಕತ್ತಿರೋರು ಹೊಡೀತಾರೆ, ಅವರ ಮೇಲೆ ನಂಗೇನೂ ಕೋಪ ಇಲ್ಲ. ಆದ್ರೆ ರಜ ಕಮ್ಮಿ ಇದ್ರೆ ದಾರಿ ಕಮ್ಮಿ ಮಾಡ್ಕೊಳ್ಳಿ! ಕಂಬರ್ಲೆಂಡ್‌ಗೆ ನಿಲ್ಸಿ, ಅರ್ಧ ದಾರಿ ಅನ್ನೋದು ಅವಮಾನ ಅಂತ ಯಾರು ಹೇಳಿದ್ದು? ಪೂರ್ತಿ ಮಾಡ್ಲೇಬೇಕು, ಅದನ್ನ ನಾಲ್ಕೇ ದಿನದಲ್ಲಿ ತುರುಕ್ಲೇಬೇಕು ಅನ್ನೋದನ್ನ ನಾನು ಒಪ್ಪಲ್ಲ, ಯಾವತ್ತೂ ಒಪ್ಪಲ್ಲ.

ಯಾಕೆ ಒಪ್ಪಲ್ಲ ಅಂತ ಇವತ್ತು ಬರ್ದೇ ಬಿಡ್ತೀನಿ, ಇಷ್ಟು ದಿನ ಬರ್ದಿರ್ಲಿಲ್ಲ.

ಮೂರು ವರ್ಷದ ಹಿಂದೆ ಜನವರೀಲಿ ಆಗುಂಬೆ ಸೂರ್ಯಾಸ್ತದ ಮುಂದೆ ನನ್ನ ಸೈಕಲ್ ನಿಲ್ಲಿಸಿ ಫೋಟೋ ಹಾಕಿದ್ದೆ, ನೆನಪಿದ್ಯಾ? ಶಿವಮೊಗ್ಗದಿಂದ ಆಗುಂಬೆ ಒಂದೇ ದಿನ ಅಂತ ಬರ್ದಿದ್ದೆ, ನೀವೆಲ್ಲ ಲೈಕ್ ಒತ್ತಿದ್ರಿ, ಸೂಪರ್ ಅಂದ್ರಿ. ಅವತ್ತು ನಾನೊಬ್ಬಳೇ ಹೋಗಿರ್ಲಿಲ್ಲ. ಚಿಕ್ಕಪ್ಪನ ಮಗಳು ಜೊತೆಗಿದ್ಲು. ಮಂಡಗದ್ದೆ ದಾಟೋ ಹೊತ್ತಿಗೇ ಅವಳಿಗೆ ಮಂಡಿ ನೋವು ಶುರುವಾಗಿತ್ತು. ತೀರ್ಥಹಳ್ಳೀಲಿ ಊಟ ಮಾಡುವಾಗ "ಅಕ್ಕ, ಇವತ್ತು ಅತ್ತೆ ಮನೇಲಿ ಉಳ್ಕಂಡು ನಾಳೆ ಹೋಗಣ" ಅಂದ್ಲು. ನಾನು "ಇಷ್ಟು ದೂರ ಬಂದು ನಿಲ್ಲದಾ? ಇನ್ನು ಮೂವತ್ತು ಕಿಲೋಮೀಟರ್ ಅಷ್ಟೇ ಕಣೆ" ಅಂದೆ. ಅವಳು ಎದುರು ಮಾತಾಡೋಳಲ್ಲ, ಬಂದ್ಲು. ಆಮೇಲೆ ಏರಲ್ಲೆಲ್ಲ ಇಳಿದು ತಳ್ಕೊಂಡೇ ಬಂದ್ಲು. ಐದು ಗಂಟೆ ಮೇಲಾಗಿತ್ತು, ಸೂರ್ಯ ಹೋಗ್ಬಿಡ್ತಾನೆ ಅಂತ ನನಗೆ ಅವಸರ, ಅವಳನ್ನ ಒಂದು ಬಸ್‌ಸ್ಟಾಪಿನ ಕಟ್ಟೆ ಮೇಲೆ ಕೂರಿಸಿ "ನೀನು ನಿಧಾನ ಬಾ" ಅಂತ ಹೇಳಿ ನಾನು ತುಳ್ಕೊಂಡು ಹೋದೆ. ಹೋಗಿ ಫೋಟೋ ತೆಗೆದೆ. ಫೋನಿಗೆ ಸಿಗ್ನಲ್ ಇಲ್ಲ, ಕಾಡಿನ ದಾರಿ, ಆರೂವರೆಗೆ ಪೂರ್ತಿ ಕತ್ತಲು. ನಾನು ವಾಪಸ್ ಬಂದಾಗ ಅವಳು ಅದೇ ಕಟ್ಟೆ ಮೇಲೆ ಸೈಕಲ್ ಹ್ಯಾಂಡಲ್ ಹಿಡ್ಕೊಂಡು ಕೂತಿದ್ಲು, ಹೆದರಿ ಅತ್ತಿದ್ಲು ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಒಂದು ಮಾತು ಬೈಲಿಲ್ಲ ನನ್ನ. ಮಂಡಿ ವಾಸಿಯಾಗೋಕೆ ಎರಡು ತಿಂಗಳು ಹಿಡೀತು. ಆಮೇಲೆ ಅವಳು ಸೈಕಲ್ ಮುಟ್ಟಿಲ್ಲ, ಅದು ಅವರ ಮನೆ ಕೊಟ್ಟಿಗೇಲಿ ಅಡಿಕೆ ಚೀಲದ ಹಿಂದೆ ನಿಂತಿದೆ. ಆ ಫೋಟೋ ನಾನು ಮೊನ್ನೆ ಡಿಲೀಟ್ ಮಾಡ್ದೆ.

ಹಂಗಾಗಿ ದಿನಕ್ಕೆಷ್ಟು ಅಂತ ಯಾರಾದ್ರೂ ಕೇಳಿದ್ರೆ ನನಗೆ ಆ ಬಸ್‌ಸ್ಟಾಪೇ ಕಾಣೋದು. ಅವತ್ತೂ ನನ್ನ ತಲೇಲಿ ಇದ್ದಿದ್ದು ಅದೊಂದೇ ಪ್ರಶ್ನೆ.

ನಾವು ಹೋಗೋ ಆ ಕಾಲುವೆ ದಾರಿ ಉಳಿದಿದ್ದೂ ನಿಧಾನಕ್ಕೆ ನಡೆದೋರಿಂದ್ಲೇ, ಹೆಂಗೆ ಅಂತ ಗೊತ್ತಾ? 1950ರ ದಶಕದಲ್ಲಿ ಅದ್ರ ಗುಂಟ ಕಾರು ಓಡಾಡೋ ರಸ್ತೆ ಮಾಡ್ಬೇಕು ಅಂತ ಹೊರಟಿದ್ರು, ಅಲ್ಲಿನ ಒಂದು ದೊಡ್ಡ ಪತ್ರಿಕೆ ಸಂಪಾದಕೀಯದಲ್ಲಿ ಸರಿ ಅಂತಾನೂ ಬರೀತು. ಆಗ ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಆ ಪತ್ರಿಕೆಗೆ ಕಾಗದ ಬರ್ದು, ಬರೆದೋರೇ ಬಂದು ನನ್ನ ಜೊತೆ ಈ ದಾರೀಲಿ ನಡೀರಿ ಅಂತ ಕರೆದ್ರು. 1954ರ ಮಾರ್ಚಲ್ಲಿ ಸಂಪಾದಕರೂ ಹೋದ್ರು. ನಡೆದು ಬಂದ್ಮೇಲೆ ಪತ್ರಿಕೆ ತನ್ನ ನಿಲುವು ಬದಲಾಯಿಸ್ತು, 1971ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಆಯ್ತು. ಕಾರಲ್ಲಿ ಒಂದೇ ದಿನಕ್ಕೆ ನೋಡಿ ಮುಗಿಸಬಹುದಿತ್ತಲ್ಲ, ಅವರು ದಿನಗಟ್ಟಲೆ ಕಾಲಲ್ಲಿ ನಡೆದ್ರು, ಅದಕ್ಕೇ ಮನಸ್ಸು ತಿರುಗಿದ್ದು ಅಂತ ನಾನು ನಂಬ್ತೀನಿ. ಅದೇ ದಾರೀಲಿ ಪಾ ಪಾ ಅಂತ 950 ಮೀಟರಿನ ಒಂದು ಸುರಂಗ ಇದೆ. ತೋಡಿ ಮುಗಿಸೋಕೆ 14 ವರ್ಷ ಹಿಡೀತು, ಕಾಲುವೆ 1850ರಲ್ಲಿ ಕಂಬರ್ಲೆಂಡ್ ಮುಟ್ಟೋ ಹೊತ್ತಿಗೆ ರೈಲು ಅಲ್ಲಿಗೆ ಬಂದು ಎಂಟು ವರ್ಷ ಆಗಿತ್ತು. ಆ ಕತ್ತಲಲ್ಲಿ ಟಾರ್ಚ್ ಹಿಡ್ಕೊಂಡು ಇಳಿದು ಸೈಕಲ್ ತಳ್ಕೊಂಡು ಹೋಗ್ಬೇಕು, ಒಳಗಿನ ಇಟ್ಟಿಗೆ ಗೋಡೆ ಮುಟ್ಟಿ ನೋಡ್ಬೇಕು ಅಂತ ನನಗೆ ಎಷ್ಟು ಆಸೆ ಇದೆ ಗೊತ್ತಾ. ಆರನೇ ದಿನದ ಪುಟದಲ್ಲಿ ಬರ್ದಿರೋದು ಅದೊಂದೇ. ಆ ಹುಡುಗ್ರು ಪುಟ ತಿರುಗಿಸಿದ್ರೆ ಕಾಣ್ತಿತ್ತು.

ಮೂರನೇ ದಿನದ ಪುಟ ಖಾಲಿ. ಒಹಾಯೊಪೈಲ್ ಅನ್ನೋ ಸಣ್ಣ ಊರು, ಯೊಕಿಯೊಗೆನಿ ನದಿ ಊರೊಳಗೇ ಧುಮುಕುತ್ತೆ, ಅವತ್ತು ಸೈಕಲ್ ಮುಟ್ಟೋದೇ ಇಲ್ಲ ನಾವು. ತಮ್ಮ "ಆ ದಿನ ಉಳಿಸಿದ್ರೆ ಕೊನೇಲಿ ಉಪಯೋಗಕ್ಕೆ ಬರುತ್ತಲ್ಲ ಅಕ್ಕ" ಅಂದ. ಇಲ್ಲ ಅಂದೆ, ಅದನ್ನ ಮುಟ್ಟಬೇಡ, ಬೇಕಾದ್ರೆ ಕೊನೇದನ್ನೇ ಬಿಟ್ಟು ರೈಲು ಹತ್ತೋಣ.

ಹೋದ ವಾರ ಚಿಕ್ಕಪ್ಪನ ಮನೆಗೆ ಹೋದಾಗ ನೋಟ್‌ಬುಕ್ ಅವಳಿಗೂ ತೋರಿಸ್ದೆ. ಅವಳು ಕಿಲೋಮೀಟರ್ ನೋಡ್ಲಿಲ್ಲ, ಒಂದೊಂದೇ ಪುಟ ತಿರುಗಿಸ್ತಾ ಹೋದ್ಲು. "ಅಕ್ಕ, ಮೂರನೇ ದಿನಕ್ಕೆ ಎಂತದ್ದೂ ಬರ್ದಿಲ್ವಲ್ಲ" ಅಂದ್ಲು. ಅವತ್ತು ಸುಮ್ನೆ ಕೂರೋದು ಕಣೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ಸಕ್ರೆಬೈಲು ತನಕ ಆದ್ರೆ ನಾನೂ ಒಂದಿನ ಬರ್ತೀನಿ ಅಂದ್ಲು. ಬರೋ ಭಾನುವಾರ ಹೊರಟಿದೀವಿ, ಮಳೆ ಹೊಳವಾದ್ರೆ ಹೋಗೋದು, ಇಲ್ಲಾಂದ್ರೆ ಇಲ್ಲ. ನಾಳೆ ಅವಳ ಸೈಕಲ್ಲಿಗೆ ಎರಡೂ ಟ್ಯೂಬ್ ಬದಲಾಯಿಸ್ಬೇಕು, ಸೀಟು ಇಲಿ ಕಡಿದು ಹಾಕಿದೆ, ಅದನ್ನೂ ನೋಡ್ಬೇಕು.