ಮಾರಾಟಕ್ಕಿಟ್ಟ ಮನೆಯಲ್ಲೂ ಜನ ಇರ್ತಾರೆ

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿರುವ ನಮ್ಮ ಹಳೆ ಮನೆಯನ್ನು ಮಾರಾಟಕ್ಕೆ ಇಟ್ಟಿದ್ದೇವೆ. ಹೋದ ಏಪ್ರಿಲ್‌ನಲ್ಲಿ ನಾನು ಊರಲ್ಲಿದ್ದಾಗ, ಒಂದು ಮಧ್ಯಾಹ್ನ ಎರಡು ಗಂಟೆಗೆ ಬ್ರೋಕರ್ ಒಬ್ಬರು ಪಾರ್ಟಿ ಕರೆದುಕೊಂಡು ಬಂದರು. ಮೊದಲೇ ಫೋನ್ ಮಾಡಿರಲಿಲ್ಲ. ಗೇಟಿನ ಹತ್ತಿರ ನಿಂತು "ಮೇಷ್ಟ್ರೇ, ಪಾರ್ಟಿ ಬಂದಾರೆ" ಅಂತ ಒಂದು ಕೂಗು ಹಾಕಿದರು, ಅಷ್ಟೇ. ಅಪ್ಪ ಆಗಷ್ಟೇ ಉಂಡು ಅಡ್ಡಾಗಿದ್ದರು. ಅಮ್ಮನ ಊಟ ಇನ್ನೂ ಆಗಿರಲಿಲ್ಲ. ಐದು ಜನ ಚಪ್ಪಲಿ ಮೆಟ್ಟಿಕೊಂಡೇ ನಡುಮನೆಗೆ ಬಂದರು. ಒಬ್ಬರು ದೇವರ ಮನೆಯ ಬಾಗಿಲು ತಳ್ಳಿ ನೋಡಿದರು. ಇನ್ನೊಬ್ಬರು ಬೀರು ತೆಗೆದರು. ಬ್ರೋಕರ್ ಗೋಡೆಯನ್ನು ಕೈಯಿಂದ ತಟ್ಟಿ, "ಬಿಲ್ಡಿಂಗಿಗೆ ನಾವು ರೇಟೇ ಹಾಕಿಲ್ಲ ಸಾರ್. ಇದನ್ನ ಕೆಡವಿ ಹಾಕೋದೇ. ಜಾಗ ಮಾತ್ರ ಬಂಗಾರ ಐತೆ" ಅಂದರು.

ಅಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು. ಬಂದವರೆಲ್ಲ ಹೋದ ಮೇಲೆ ಕಡಪ ಕಲ್ಲಿನ ನೆಲವನ್ನೆಲ್ಲ ಒರೆಸಿದರು. ಆಮೇಲೆ ಊಟಕ್ಕೆ ಕೂತರೂ ಸರಿಯಾಗಿ ಉಣ್ಣಲಿಲ್ಲ.

ಬ್ರೋಕರ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೊಳ್ಳುವವರು ಆ ಮನೆಯನ್ನು ಕೆಡವಿಯೇ ಕೆಡವುತ್ತಾರೆ. ನನಗೆ ನೋವಾಗಿದ್ದು ಆ ಮಾತಿಗಲ್ಲ, ಅದನ್ನು ಅಮ್ಮನ ಎದುರಿಗೇ ಆಡಿದ್ದಕ್ಕೆ. ಮಾರಾಟಕ್ಕೆ ಇಟ್ಟ ಮಾತ್ರಕ್ಕೆ ಆ ಮನೆಯಲ್ಲಿ ಬದುಕು ನಿಂತುಹೋಗಿರುವುದಿಲ್ಲ ಅಲ್ವಾ? ಅಲ್ಲಿ ಇನ್ನೂ ಒಲೆ ಉರಿಯುತ್ತಿದೆ, ದೀಪ ಹಚ್ಚುತ್ತಿದ್ದಾರೆ, ಹಗ್ಗದ ಮೇಲೆ ಬಟ್ಟೆ ಒಣಗುತ್ತಿದೆ. ಮನೆ ತೋರಿಸುವವರಿಗೆ ಇಷ್ಟು ಗೊತ್ತಿರಬೇಕು.

ನಾನಿರುವುದು ಮೆಲ್ಬರ್ನ್‌ನ ಪಶ್ಚಿಮ ಭಾಗದಲ್ಲಿ, ಟಾರ್ನೀಟ್ ಎಂಬಲ್ಲಿ. ನಾವು ಮನೆ ಹುಡುಕುತ್ತಿದ್ದ ದಿನಗಳಲ್ಲಿ ಶನಿವಾರ ಬಂತೆಂದರೆ ನನಗೂ ನನ್ನ ಹೆಂಡತಿಗೂ ಮನೆ ನೋಡುವುದೇ ಕೆಲಸ. ಇಲ್ಲಿ ಮನೆ ತೋರಿಸಲು ಹೊತ್ತು ಗೊತ್ತು ಮಾಡಿರುತ್ತಾರೆ, ಸಾಮಾನ್ಯವಾಗಿ ಅರ್ಧ ಗಂಟೆ. ಆ ಹೊತ್ತಿಗೆ ಮನೆಯವರು ಹೊರಗೆ ಹೋಗಿರುತ್ತಾರೆ. ಏಜೆಂಟ್ ಬಾಗಿಲಲ್ಲಿ ನಿಂತು ಬಂದವರ ಹೆಸರು, ಫೋನ್ ನಂಬರ್ ಬರೆದುಕೊಂಡೇ ಒಳಗೆ ಬಿಡುತ್ತಾರೆ. ಮಳೆಯ ದಿನವಾದರೆ ಬಾಗಿಲಲ್ಲೇ ಶೂಗಳ ಮೇಲೆ ಹಾಕಿಕೊಳ್ಳಲು ಪ್ಲಾಸ್ಟಿಕ್ ಕವರ್ ಇಟ್ಟಿರುತ್ತಾರೆ.

ಒಂದು ಮನೆ ಮಾತ್ರ ಮರೆಯುವಂತಿಲ್ಲ. ವಯಸ್ಸಾದ ಹೆಂಗಸೊಬ್ಬರು ಒಂಟಿಯಾಗಿದ್ದ ಮನೆ ಅದು. ನಮ್ಮ ಜೊತೆ ನೋಡಲು ಬಂದಿದ್ದ ಒಬ್ಬರು ಮಲಗುವ ಕೋಣೆಯ ಕಪಾಟಿಗೆ ಕೈ ಹಾಕಿದರು. ಏಜೆಂಟ್ ಚಿಕ್ಕ ಹುಡುಗಿ. ಮೆತ್ತಗೆ ಬಂದು, "ಒಳಗೆ ಅವರ ಬಟ್ಟೆ ಇದೆ. ಎಷ್ಟು ಆಳ ಇದೆ ಅಂತ ಬೇಕಿದ್ದರೆ ನಾನೇ ಅಳೆದು ಹೇಳ್ತೀನಿ" ಅಂದಳು. ಬಚ್ಚಲುಮನೆಯ ಮೂಲೆಯಲ್ಲಿ ಹಿಂದೆ ನೀರು ಸೋರಿತ್ತು ಅನ್ನೋದನ್ನೂ ನಾವು ಕೇಳುವ ಮೊದಲೇ ಹೇಳಿದಳು, ರಿಪೇರಿ ಬಿಲ್ ತೋರಿಸಿದಳು. ಕಾಗದಪತ್ರದ ವಿಷಯ ಕೇಳುತ್ತಾ ನಾವು ಕೊನೆಯವರೆಗೂ ಉಳಿದಿದ್ದೆವು. ಎಲ್ಲರೂ ಹೋದ ಮೇಲೆ ಅವಳು ಒಂದೊಂದೇ ಕಿಟಕಿಯ ಚಿಲಕ ನೋಡಿದಳು. ಯಾರೋ ಕೂತು ಎದ್ದಿದ್ದ ಸೋಫಾದ ದಿಂಬು ಸರಿ ಮಾಡಿದಳು. ಬೆಕ್ಕಿನ ಬಟ್ಟಲಲ್ಲಿ ನೀರು ಕಮ್ಮಿಯಾಗಿತ್ತು, ತುಂಬಿಸಿದಳು. ನಾವು ನೋಡಲಿ ಅಂತ ಮಾಡಿದ್ದಲ್ಲ ಅದು. ಅವಳ ಬೆನ್ನು ನಮ್ಮ ಕಡೆಗಿತ್ತು.

ಇದು ಬರೀ ಒಳ್ಳೆಯ ಗುಣದ ಮಾತಲ್ಲ, ಇದರ ಬೆನ್ನಿಗೆ ಕಾನೂನೂ ಇದೆ. ಇಲ್ಲಿ ವಿಕ್ಟೋರಿಯಾ ರಾಜ್ಯದಲ್ಲಿ 1980ರ ಎಸ್ಟೇಟ್ ಏಜೆಂಟ್ಸ್ ಆಕ್ಟ್ ಇದೆ, ಲೈಸೆನ್ಸ್ ಇಲ್ಲದೆ ಸ್ವಂತವಾಗಿ ಈ ವ್ಯವಹಾರ ನಡೆಸುವಂತಿಲ್ಲ. ಕೊಳ್ಳುವವರು ಸಹಿ ಹಾಕುವ ಮೊದಲೇ 'ಸೆಕ್ಷನ್ 32' ಅನ್ನುವ ಕಾಗದದ ಕಟ್ಟು ಕೈಗೆ ಬರಬೇಕು. ಮಾಲೀಕತ್ವ, ಸಾಲ, ತೆರಿಗೆ, ಹಿಂದಿನ 7 ವರ್ಷದಲ್ಲಿ ತೆಗೆದುಕೊಂಡ ಕಟ್ಟಡ ಪರವಾನಗಿ ಎಲ್ಲ ಅದರಲ್ಲಿರುತ್ತದೆ. 2020ರ ಮಾರ್ಚ್‌ನಿಂದ ಇನ್ನೂ ಬಿಗಿಯಾಗಿದೆ. ಮನೆಯ ಬಗ್ಗೆ ಮುಖ್ಯವಾದ ಸಂಗತಿಯನ್ನು ಗೊತ್ತಿದ್ದೂ ಮುಚ್ಚಿಟ್ಟರೆ ಅದು ಅಪರಾಧ. ಆ ಮನೆಯಲ್ಲಿ ಕೊಲೆ ನಡೆದಿದ್ದರೆ ಅದನ್ನೂ ಹೇಳಲೇಬೇಕು.

ನಮ್ಮಲ್ಲಿ? ರಿಯಲ್ ಎಸ್ಟೇಟ್ ವ್ಯವಹಾರದ ನಿಯಂತ್ರಣಕ್ಕೆ ಬಂದ 2016ರ ರೇರಾ ಕಾಯ್ದೆಯಲ್ಲಿ ಏಜೆಂಟರು ನೋಂದಣಿ ಮಾಡಿಸಬೇಕು ಅಂತಿದೆ. ಆದರೆ ಅದು ರೇರಾದಲ್ಲಿ ನೋಂದಣಿಯಾದ ಲೇಔಟು, ಅಪಾರ್ಟ್‌ಮೆಂಟು ಮಾರಿಸುವವರಿಗೆ. ಸತ್ಯನಾರಾಯಣಪೇಟೆಯ ಹಳೆ ಮನೆ ಅದರೊಳಗೆ ಬರುವುದಿಲ್ಲ. ಹಾಗಾಗಿ ಯಾರು ಬೇಕಾದರೂ ಬ್ರೋಕರ್. ಜೆರಾಕ್ಸ್ ಅಂಗಡಿಯವರು, ಚಹಾದ ಅಂಗಡಿಯವರು, ರಿಟೈರ್ ಆದ ಗುಮಾಸ್ತರು. ಕಪ್ಪಗಲ್ ರಸ್ತೆಯಲ್ಲಿ ನಮ್ಮ ಚಿಕ್ಕಪ್ಪ ಒಂದು ಮನೆಗೆ ಬಯಾನ ಕೊಟ್ಟ ಮೇಲೆ ಗೊತ್ತಾಯಿತು, ಮುಂದಿನ ಕೋಣೆಯ ಅರ್ಧ ಭಾಗ ರಸ್ತೆ ಅಗಲೀಕರಣಕ್ಕೆ ಹೋಗುತ್ತದೆ ಅಂತ. ಗೋಡೆಯ ಮೇಲಿದ್ದ ಗುರುತಿಗೆ ಬಣ್ಣ ಬಳಿದಿದ್ದರು. ಬ್ರೋಕರ್‌ಗೆ ಗೊತ್ತಿತ್ತು. "ನೀವು ಕೇಳಲಿಲ್ಲ ಅಣ್ಣಾ" ಅಂದರಂತೆ.

ಅದಿರಿನ ದುಡ್ಡು ಹರಿದಾಡಿದ ಕಾಲದಲ್ಲಿ ಈ ಚಾಳಿ ಜಾಸ್ತಿ ಬೆಳೆಯಿತು ಅಂತ ನನ್ನ ಅನಿಸಿಕೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವವರೆಗೂ ಊರಲ್ಲಿ ಜಾಗ ನೋಡದೆಯೇ ಅಡ್ವಾನ್ಸ್ ಕೊಡುವವರಿದ್ದರು. ಬೆಳಿಗ್ಗೆ ಒಬ್ಬರ ಹೆಸರಲ್ಲಿ ಅಗ್ರಿಮೆಂಟು, ಸಂಜೆಗೆ ಇನ್ನೊಬ್ಬರಿಗೆ. ಆಗ ಮನೆ ತೋರಿಸುವ ಕೆಲಸವೇ ಇರಲಿಲ್ಲ, ಪಾರ್ಟಿ ಹಿಡಿಯುವುದಷ್ಟೇ ಇತ್ತು. ಗಣಿ ಭರಾಟೆ ಇಳಿಯಿತು, ಆ ರೂಢಿ ಹಾಗೇ ಉಳಿಯಿತು.

ಇಲ್ಲಿನವರೆಲ್ಲ ಸತ್ಯಹರಿಶ್ಚಂದ್ರರು ಅಂತ ನಾನು ಹೇಳಲಾರೆ. ಹರಾಜಿಗೆ ಜನ ಸೇರಲಿ ಅಂತ ಬೆಲೆ ಕಮ್ಮಿ ಹೇಳಿ ಕರೆಯುವುದು ಮೆಲ್ಬರ್ನ್‌ನ ಹಳೆ ರೋಗ. ಅದಕ್ಕೇ 2017ರಿಂದ ಅಂದಾಜು ಬೆಲೆಯನ್ನು ಬರೆದೇ ಕೊಡಬೇಕು, ಕೆಳಗಿನ ಮೊತ್ತಕ್ಕೂ ಮೇಲಿನ ಮೊತ್ತಕ್ಕೂ ಶೇ. 10ಕ್ಕಿಂತ ಜಾಸ್ತಿ ಅಂತರ ಇರಬಾರದು ಅಂತ ನಿಯಮ ತಂದರು. ಆದರೂ ಬರೆದ ಬೆಲೆ ನಂಬಿ ಹೋಗಿ, ಬೀದಿಯಲ್ಲಿ ನಡೆದ ಹರಾಜಿನಲ್ಲಿ ಅದು ಎಲ್ಲಿಗೋ ಏರಿದ್ದನ್ನು ನೋಡಿ ನಾವು ಸುಮ್ನೆ ಮನೆಗೆ ಬಂದಿದ್ದೇವೆ. ನಾವು ಕೊಳ್ಳುವುದಿಲ್ಲ ಅಂತ ಗೊತ್ತಾದ ಮೇಲೆ ಇಲ್ಲಿನ ಏಜೆಂಟರು ಫೋನೂ ಎತ್ತುವುದಿಲ್ಲ.

ಬಳ್ಳಾರಿಯ ಇನ್ನೊಬ್ಬ ಬ್ರೋಕರ್ ವಿಷಯವನ್ನೂ ಹೇಳಬೇಕು. ಮನೆಯ ಖಾತೆಯಲ್ಲಿ ಅಪ್ಪನ ಹೆಸರು ತಪ್ಪಾಗಿತ್ತು, ಇನಿಶಿಯಲ್ ಬೇರೆ ಬಂದಿತ್ತು. ಆ ಮನುಷ್ಯ ಬಿಸಿಲಲ್ಲಿ ಅಪ್ಪನನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಪಾಲಿಕೆ ಕಚೇರಿಗೆ, ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಅಲೆದರು. ಮನೆಯ ಮೇಲೆ ಸಾಲ, ಋಣ ಇದೆಯೋ ಇಲ್ಲವೋ ತೋರಿಸುವ ಇಸಿ ಪತ್ರ ತೆಗೆಸಿಕೊಟ್ಟರು. ಒಂದು ರೂಪಾಯಿ ಕೇಳಲಿಲ್ಲ. ಮೆಲ್ಬರ್ನ್‌ನಲ್ಲಿ ಯಾವ ಏಜೆಂಟೂ ನನ್ನ ಅಪ್ಪನನ್ನು ಹಾಗೆ ಕರೆದುಕೊಂಡು ಹೋಗುತ್ತಿರಲಿಲ್ಲ.

ನಮ್ಮೂರಿನ ಬ್ರೋಕರ್‌ಗಳ ಕಷ್ಟ ನನಗೆ ತಡವಾಗಿ ತಿಳಿಯಿತು. ಮೆಲ್ಬರ್ನ್‌ನಲ್ಲಿ ಮನೆಯವರು ಸಾಮಾನ್ಯವಾಗಿ ಒಬ್ಬ ಏಜೆಂಟ್‌ಗೇ ಬರೆದು ಕೊಡುತ್ತಾರೆ. ಕೀಲಿಕೈ ಅವರ ಹತ್ತಿರವೇ ಇರುತ್ತದೆ, ಮಾರಾಟವಾದರೆ ಕಮಿಷನ್ ಖಾತ್ರಿ. ನಮ್ಮಲ್ಲಿ ಒಂದೇ ಮನೆಗೆ ಐದಾರು ಬ್ರೋಕರ್‌ಗಳಿಗೆ ಬಾಯಿಮಾತಲ್ಲಿ ಹೇಳಿರುತ್ತೇವೆ. ಇನ್ನೊಬ್ಬರು ಪಾರ್ಟಿ ತರುವ ಮೊದಲು ನಾನು ತರಬೇಕು ಅನ್ನುವ ಅವಸರ ಅವರಿಗೆ. ಮನೆ ತೋರಿಸಿದ ಮಾರನೇ ದಿನ ಆ ಪಾರ್ಟಿ ಸೀದಾ ಮನೆಯವರ ಹತ್ತಿರ ಬಂದು, ಬ್ರೋಕರ್‌ನ ಬಿಟ್ಟು ಮಾತು ಮುಗಿಸುವುದೂ ಉಂಟು. ಶೇಕಡಾ ಒಂದೋ ಎರಡೋ ಉಳಿಯಿತು ಅಂತ ಎರಡೂ ಕಡೆಯವರಿಗೆ ಖುಷಿ. ಓಡಾಡಿದವರಿಗೆ ಪೆಟ್ರೋಲ್ ಖರ್ಚೂ ಹುಟ್ಟುವುದಿಲ್ಲ. ಹೀಗಿರುವಾಗ ಅವರು ಆ ಮನೆಯನ್ನು ತಮ್ಮ ಹೊಣೆ ಅಂತ ಹೇಗೆ ಅಂದುಕೊಂಡಾರು?

ಅದಕ್ಕೇ ಅಪ್ಪನೂ ನಾನೂ ಕೂತು ಮಾತಾಡಿ ಬೇರೆಯವರಿಗೆಲ್ಲ ಬೇಡ ಅಂತ ಹೇಳಿದೆವು. ಸ್ಕೂಟರ್‌ನಲ್ಲಿ ಕರೆದುಕೊಂಡು ಹೋದವರಿಗೇ ಮೂರು ತಿಂಗಳ ಮಟ್ಟಿಗೆ ಬರೆದುಕೊಟ್ಟಿದ್ದೇವೆ. ಪಾರ್ಟಿ ಎಲ್ಲಿಂದಲೇ ಬರಲಿ, ನಮ್ಮ ಕಡೆಯ ಕಮಿಷನ್ ಅವರಿಗೇ. ತೋರಿಸುವುದು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದು ಮಾತ್ರ, ಹಿಂದಿನ ದಿನ ಫೋನ್ ಮಾಡಬೇಕು, ಚಪ್ಪಲಿ ಹೊರಗೆ ಬಿಡಬೇಕು, ರೇಟಿನ ಮಾತು ಗೇಟಿನ ಆಚೆ. ಅವರು ಕಾಗದವನ್ನು ನಿಧಾನವಾಗಿ ಓದಿದರು. "ಪಾರ್ಟಿ ನನ್ನ ಬಿಟ್ಟು ನಿಮ್ಮತ್ರನೇ ಬಂದ್ರೆ, ಮೇಷ್ಟ್ರೇ?" ಅಂತ ಕೇಳಿದರು.

"ಅವರನ್ನ ಕೂರಿಸಿ ನಿಮಗೇ ಫೋನ್ ಮಾಡ್ತೀನಿ" ಅಂದರು ಅಪ್ಪ.