ಒಳ್ಳೆಯ ವಿಮರ್ಶಕ ಬೇಕೆ? ಸರಕಾರಿ ವಕೀಲರನ್ನು ಕರೆಸಿ

ಅಮೆರಿಕದ ಅಟ್ಲಾಂಟಾದ ರ‍್ಯಾಪ್ ಗಾಯಕ ಯಂಗ್ ಥಗ್ ಜೈಲಿನಿಂದ ಹೊರಬಂದು 2025ರ ಸೆಪ್ಟೆಂಬರಿನಲ್ಲಿ ‘ಯುವೈ ಸ್ಕೂಟಿ’ ಎಂಬ ಆಲ್ಬಂ ತಂದ. ಅದು ಆಕಾಶದ ಒಂದು ದೈತ್ಯ ನಕ್ಷತ್ರದ ಹೆಸರು, ಟಿವಿಎಸ್ ಕಂಪನಿಯವರು ಗಾಬರಿಯಾಗಬೇಕಿಲ್ಲ. ಇಂಥ ಆಲ್ಬಂ ಮಧ್ಯರಾತ್ರಿ ಬಂದರೆ ಹನ್ನೆರಡೂಕಾಲಿಗೆಲ್ಲ ‘ಕ್ಲಾಸಿಕ್’, ಹನ್ನೆರಡೂವರೆಗೆ ‘ಕಸ’. ಬೆಳಗಾಗುವಷ್ಟರಲ್ಲಿ ಹತ್ತಕ್ಕೆ ಇಷ್ಟು ಅಂತ ದಶಾಂಶ ಸಮೇತ ಅಂಕ. ಕೊನೆಯ ಹಾಡಿನವರೆಗೆ ಕೇಳಿದವರು ಯಾರೋ, ದೇವರೇ ಬಲ್ಲ.

1995ರಲ್ಲಿ ನ್ಯೂಯಾರ್ಕಿನ ಪ್ರಶಸ್ತಿ ಸಮಾರಂಭದಲ್ಲಿ ಜನ ಔಟ್‌ಕ್ಯಾಸ್ಟ್ ಎಂಬ ಅಟ್ಲಾಂಟಾದ ರ‍್ಯಾಪ್ ಜೋಡಿಗೆ ಛೀಮಾರಿ ಹಾಕುತ್ತಿದ್ದಾಗ, ಅಮೆರಿಕದ ದಕ್ಷಿಣದವರಿಗೂ ಹೇಳೋದು ಏನೋ ಇದೆ ಅಂದಿದ್ದ ಆ ಜೋಡಿಯ ಆಂಡ್ರೆ. ಆ ಮಾತನ್ನು ನಿಷ್ಠೆಯಿಂದ ಪಾಲಿಸಿದವರು ಅಟ್ಲಾಂಟಾದ ಫುಲ್ಟನ್ ಕೌಂಟಿಯ ಸರಕಾರಿ ವಕೀಲರು. ಎಂಥ ಶ್ರದ್ಧೆ! ಥಗ್ ಮತ್ತು ಸಂಗಡಿಗರ ಹಾಡುಗಳ ಒಂದೊಂದು ಸಾಲನ್ನೂ ಹೆಕ್ಕಿ, ಅರ್ಥ ಬಿಡಿಸಿ, ಸಂಘಟಿತ ಅಪರಾಧದ ಸಾಕ್ಷಿ ಅಂತ ಕೋರ್ಟಿಗೆ ತಂದರು. ಜ್ಯೂರಿ ಆರಿಸುವುದಕ್ಕೇ ಹತ್ತು ತಿಂಗಳು. ಆರೋಪಿ ಪರ ವಕೀಲರೇನು ಕಡಿಮೆಯೇ? ‘ದೇವರಡಿಯಲ್ಲಿ ನಿಜಕ್ಕೂ ವಿನಯವಂತ’ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳೇ ‘ಥಗ್’ ಅಂತ ಭಾಷ್ಯ ಬರೆದರು. ನಮ್ಮ ಪಂಡಿತರೂ ಎದ್ದು ನಿಂತು ಕೈಮುಗಿಯಬೇಕು.

ಇದೇ ಲೆಕ್ಕಕ್ಕೆ ಹೋದರೆ, ದುಃಶಾಸನನ ರಕ್ತ ಕುಡಿಯುತ್ತೇನೆಂದು ರಾತ್ರಿಯಿಡೀ ಅಬ್ಬರಿಸಿದ ಯಕ್ಷಗಾನದ ಭೀಮನನ್ನು ಬಣ್ಣ ಒರೆಸುವ ಮೊದಲೇ ಚೌಕಿಯಿಂದ ಎಳೆದೊಯ್ಯಬೇಕು. ಪದ್ಯ ಹೇಳಿದ ಭಾಗವತರು ಎರಡನೇ ಆರೋಪಿ. ಮದ್ದಳೆಯವನು ಕುಮ್ಮಕ್ಕು ಕೊಟ್ಟವನು.

ತಮಾಷೆ ಸಾಕು. ಆ ಕೇಸಿನಲ್ಲಿ ನಿಜವಾಗಿ ಸತ್ತವರಿದ್ದರು. ಅವರ ಮನೆಯವರಿಗೆ ಬೇಕಿದ್ದದ್ದು ಪುರಾವೆ, ತೋರಿಸಿದ್ದು ಪ್ರಾಸ. ಕೊನೆಗುಳಿದ ಇಬ್ಬರು ಆರೋಪಿಗಳನ್ನು ಜ್ಯೂರಿ 2024ರ ಡಿಸೆಂಬರಿನಲ್ಲಿ ಕೊಲೆ ಆರೋಪದಿಂದ ಬಿಟ್ಟಿತು. ಕರಿಯ ಹುಡುಗ ಹಾಡಿದ್ದೆಲ್ಲ ತಪ್ಪೊಪ್ಪಿಗೆ ಅನ್ನುವ ಈ ಕಿವಿಗೆ ಏನು ಮದ್ದು? ಕ್ಯಾಲಿಫೋರ್ನಿಯಾ 2022ರಲ್ಲಿ ಇದಕ್ಕೆ ಕಡಿವಾಣ ಹಾಕುವ ಕಾನೂನನ್ನೇ ತರಬೇಕಾಯಿತು. ಕಾನೂನು ಮಾಡಿ ಹೇಳಬೇಕೇ ಇದನ್ನು?

ಇನ್ನು ಥಗ್. ಜಾಮೀನಿಲ್ಲದೆ ಎರಡು ವರ್ಷಕ್ಕೂ ಮಿಕ್ಕಿ ಒಳಗಿದ್ದು, ಕೆಲವು ಆರೋಪ ಒಪ್ಪಿಕೊಂಡು ಹೊರಬಂದ. ಷರತ್ತು ನೋಡಿ: ಹತ್ತು ವರ್ಷ ಅಟ್ಲಾಂಟಾದ ಕಡೆ ತಲೆ ಹಾಕುವಂತಿಲ್ಲ. ಆದರೆ ವರ್ಷಕ್ಕೆ ನಾಲ್ಕು ಸಲ ಅದೇ ಊರಿಗೆ ಬಂದು, ಬಂದೂಕು ಹಿಡಿಯಬೇಡಿ ಅಂತ ಮಕ್ಕಳಿಗೆ ಬುದ್ಧಿ ಹೇಳಲೇಬೇಕು. ಬೇಕಿದ್ದರೆ ಹಾಡಿಯೇ ಹೇಳಬಹುದಂತೆ.